ದೇವಯಾನಿಯ ಸುರುಳಿಗಳು ಚಿತ್ರವಾಗುವ ಬಗೆ

ದೇವಯಾನಿ ನಕ್ಷತ್ರಪುಂಜದ ಎಂ31 ಗೆಲಾಕ್ಸಿ ಭೂಮಿಯಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಅಮಾವಾಸ್ಯೆಯ ಆಸುಪಾಸಿನಲ್ಲಿ, ಶಿರಸಿ ತಾಲ್ಲೂಕಿನ ಭೈರುಂಬೆಯಂಥ ಊರಲ್ಲಿ ದೀಪಗಳಿಂದ ದೂರ ಸರಿದು ಕಣ್ಣನ್ನು ಕತ್ತಲಿಗೆ ಹೊಂದಿಸಿಕೊಂಡರೆ ಅದು ಬರಿಗಣ್ಣಿಗೇ ಮಸುಕು ಚುಕ್ಕೆಯಾಗಿ ತೋರುತ್ತದೆ. ತೋರುವುದು ಅದರ ನಡುಭಾಗವಷ್ಟೇ. ಇಡೀ ಗೆಲಾಕ್ಸಿ ಆಕಾಶದಲ್ಲಿ ಸುಮಾರು 3 ಡಿಗ್ರಿ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದಕ್ಕೆ ಚಾಚಿದೆ. ಅದರ ಹೊರ ಸುರುಳಿಗಳ ಬೆಳಕು ಕತ್ತಲ ಆಕಾಶಕ್ಕೆ ಸಹಜವಾಗಿಯೇ ಇರುವ ಮಂದ ಬೆಳಕಿಗಿಂತ ಕ್ಷೀಣ. ಆ ಮಂದ ಬೆಳಕಿನಲ್ಲಿ ಮುಳುಗಿಹೋದ ಸುರುಳಿಗಳನ್ನು ಬೇರ್ಪಡಿಸಿ ಮೇಲೆತ್ತುವುದೇ ಇಮೇಜ್ ಪ್ರೊಸೆಸಿಂಗ್.

ಈ ಕೆಲಸ ಕಂಪ್ಯೂಟರಿಗಿಂತ ಹಳೆಯದು. ಲಿವರ್‌ಪೂಲ್‌ನಲ್ಲಿ ಕಟ್ಟಡ ಗುತ್ತಿಗೆದಾರನಾಗಿದ್ದ ಹವ್ಯಾಸಿ ಐಸಾಕ್ ರಾಬರ್ಟ್ಸ್ 1888ರ ಡಿಸೆಂಬರಿನಲ್ಲಿ ತನ್ನ 20 ಇಂಚಿನ ದೂರದರ್ಶಕಕ್ಕೆ ಗಾಜಿನ ಫಲಕ ಕೂರಿಸಿ ಎಂ31ರ ಚಿತ್ರ ತೆಗೆದ. ಅಲ್ಲಿಯವರೆಗೆ ಬರೀ ಮಬ್ಬಾಗಿದ್ದ ದೇವಯಾನಿಯಲ್ಲಿ ಸುರುಳಿಗಳು ಮೊದಲ ಬಾರಿಗೆ ಸ್ಪಷ್ಟವಾದವು. ಹೊಸದೊಂದು ಸೌರಮಂಡಲ ರೂಪುಗೊಳ್ಳುತ್ತಿರುವುದಕ್ಕೆ ಇದು ಸಾಕ್ಷಿ ಎಂದು ಆಗಿನವರು ಭಾವಿಸಿದ್ದರು. ಆ ಊಹೆ ತಪ್ಪಾಯಿತು, ಚಿತ್ರ ಉಳಿಯಿತು. 1923ರಲ್ಲಿ ಎಡ್ವಿನ್ ಹಬಲ್ ಮೌಂಟ್ ವಿಲ್ಸನ್‌ನ 100 ಇಂಚಿನ ದೂರದರ್ಶಕದ ಫಲಕದಲ್ಲಿ ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಗುರುತಿಸಿದ ಮೇಲೆಯೇ ಎಂ31 ಆಕಾಶಗಂಗೆಯ ಆಚೆಗಿರುವ ಬೇರೆಯೇ ಗೆಲಾಕ್ಸಿ ಎಂಬುದು ಖಚಿತವಾದದ್ದು. ಮುಂದೆ ಆಸ್ಟ್ರೇಲಿಯಾದ ವೀಕ್ಷಣಾಲಯದಲ್ಲಿ ಡೇವಿಡ್ ಮ್ಯಾಲಿನ್ ಡಾರ್ಕ್‌ರೂಮಿನ ಒಂದು ಉಪಾಯವನ್ನು ಆಕಾಶದ ಫಲಕಗಳಿಗೆ ಅಳವಡಿಸಿದರು. ಮೂಲ ಫಲಕದ ಮೇಲೆ ಅದರದೇ ಮಸುಕು ಪ್ರತಿಯನ್ನು ಹೊಂದಿಸಿ ಮುದ್ರಿಸಿದಾಗ ಕೇಂದ್ರದ ಕಣ್ಣು ಕುಕ್ಕುವ ಹೊಳಪು ತಗ್ಗಿ, ಅದರಲ್ಲಿ ಅಡಗಿದ್ದ ಸೂಕ್ಷ್ಮ ವಿವರ ಹೊರಬರುತ್ತಿತ್ತು. ಇಂದಿನ ತಂತ್ರಾಂಶಗಳಲ್ಲಿರುವ ‘ಅನ್‌ಶಾರ್ಪ್ ಮಾಸ್ಕ್’ ಅದೇ ಉಪಾಯದ ಡಿಜಿಟಲ್ ರೂಪ.

ಇಂದು ಹವ್ಯಾಸಿಗೆ ಬೇಕಾಗುವುದು ಸಾಧಾರಣ ಡಿಎಸ್‌ಎಲ್‌ಆರ್ ಕ್ಯಾಮೆರಾ, 200 ಮಿ.ಮೀ. ಆಸುಪಾಸಿನ ಲೆನ್ಸ್, ಭೂಮಿಯ ತಿರುಗುವಿಕೆಗೆ ಸರಿಯಾಗಿ ಕ್ಯಾಮೆರಾವನ್ನು ಹಿಮ್ಮುಖವಾಗಿ ತಿರುಗಿಸುವ ಟ್ರ್ಯಾಕರ್. ಭೈರುಂಬೆ ಸೀಮೆಯಲ್ಲಿ ಇವಿಷ್ಟನ್ನು ನಿಲ್ಲಿಸಲು ಜಾಗ ಹುಡುಕುವುದೇ ಮೊದಲ ಕೆಲಸ. ಅಡಿಕೆ ತೋಟ ಇರುವುದು ಕಣಿವೆಯಲ್ಲಿ, ಸುತ್ತ ಸೊಪ್ಪಿನ ಬೆಟ್ಟ. ಈ ಸೀಮೆ 14.6 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಡಿಗ್ರಿ ಮೇಲಿರುತ್ತದೆ, ಹೆಚ್ಚಿನ ಕಡೆ ಮರಗಳ ಹಿಂದೆ ಮರೆಯಾಗುತ್ತದೆ. ಟ್ರ್ಯಾಕರಿನ ಅಕ್ಷವನ್ನು ಧ್ರುವಕ್ಕೆ ಗುರಿ ಹಿಡಿಯಬೇಕಾದ್ದರಿಂದ ಬಡಗು ದಿಕ್ಕು ತೆರೆದ ಹುಲ್ಲುಗಾವಲು, ಅಂದರೆ ಬೇಣವೇ ಒಳ್ಳೆಯದು. ಅಂಥ ಜಾಗ ಸಿಗದಿದ್ದರೆ ತೆಗೆದ ಫೋಟೋದಲ್ಲಿರುವ ನಕ್ಷತ್ರಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಅಕ್ಷವನ್ನು ತಿದ್ದಿಸುವ ತಂತ್ರಾಂಶ ನೆರವಾಗುತ್ತದೆ. ಎಂ31 ಮಾತ್ರ ಇಲ್ಲಿ ಚೆನ್ನಾಗಿಯೇ ಮೇಲೇರುತ್ತದೆ. ನವೆಂಬರ್ ಮೊದಲ ವಾರ ರಾತ್ರಿ ಹತ್ತೂವರೆಯ ಹೊತ್ತಿಗೆ ಉತ್ತರದಲ್ಲಿ 63 ಡಿಗ್ರಿ ಎತ್ತರದಲ್ಲಿರುತ್ತದೆ.

ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುವ ಈ ತಿಂಗಳುಗಳೇ ಅಡಿಕೆಯ ಕೊನೆಕೊಯ್ಲಿನ ತಿಂಗಳುಗಳೂ ಹೌದು. ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ, ಸುಲಿಯುವವರಿಗಾಗಿ ಹಾಕಿದ ದೀಪ, ರಾತ್ರಿ ಏರಿದಂತೆ ಇಳಿಯುವ ಇಬ್ಬನಿ ಎಲ್ಲವೂ ಒಟ್ಟಿಗೇ ಬರುತ್ತವೆ. ಇಬ್ಬನಿ ಕೂರದಂತೆ ಲೆನ್ಸಿಗೆ ಸಣ್ಣ ಹೀಟರ್ ಪಟ್ಟಿ ಸುತ್ತಬೇಕು. ಇಲ್ಲವಾದರೆ ಒಂದೇ ಗಂಟೆಯಲ್ಲಿ ನಕ್ಷತ್ರಗಳೆಲ್ಲ ಮಂಜುಗಣ್ಣಿಗೆ ಕಂಡಂತಾಗುತ್ತವೆ.

ಒಂದೇ ದೀರ್ಘ ಎಕ್ಸ್‌ಪೋಶರಿಗೆ ಬದಲು ಎರಡೆರಡು ನಿಮಿಷದ ನೂರು ಫ್ರೇಮುಗಳನ್ನು ತೆಗೆಯುವುದು ರೂಢಿ. ಗೆಲಾಕ್ಸಿಯ ಬೆಳಕು ಪ್ರತಿ ಫ್ರೇಮಿನಲ್ಲೂ ಅದೇ ಜಾಗದಲ್ಲಿ ಬೀಳುತ್ತದೆ. ಕಾಳುಕಾಳಾಗಿ ಕಾಣುವ ನಾಯ್ಸ್ ಪ್ರತಿ ಸಲವೂ ಬೇರೆ ಕಡೆ ಬೀಳುತ್ತದೆ. ನಕ್ಷತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದರೆ ಬೆಳಕು ಹಾಗೇ ಉಳಿದು, ನಾಯ್ಸ್ ಫ್ರೇಮುಗಳ ಸಂಖ್ಯೆಯ ವರ್ಗಮೂಲದಷ್ಟು ಪಾಲು ಇಳಿಯುತ್ತದೆ. ನಾಲ್ಕು ಫ್ರೇಮಿಗೆ ಅರ್ಧ, ನೂರು ಫ್ರೇಮಿಗೆ ಹತ್ತನೇ ಒಂದು. ಇದೇ ಸ್ಟ್ಯಾಕಿಂಗ್. ನೂರರಲ್ಲಿ ಒಂದೆರಡು ಫ್ರೇಮಿನಲ್ಲಿ ಮಾತ್ರ ಹಾದುಹೋದ ಉಪಗ್ರಹ, ವಿಮಾನಗಳ ಗೆರೆಗಳನ್ನು ಉಳಿದವುಗಳೊಂದಿಗೆ ಹೋಲಿಸಿ ಗಣಿತವೇ ಅಳಿಸಿಹಾಕುತ್ತದೆ. ವರ್ಗಮೂಲದ ಈ ಲೆಕ್ಕ ನಿಷ್ಠುರವೂ ಹೌದು. ನೂರು ಫ್ರೇಮಿನ ಚಿತ್ರಕ್ಕಿಂತ ಎರಡು ಪಾಲು ಶುದ್ಧ ಚಿತ್ರ ಬೇಕಿದ್ದರೆ ನಾನೂರು ಫ್ರೇಮ್ ತೆಗೆಯಬೇಕು. ರಾತ್ರಿ ನಿಲ್ಲುವ ತಾಳ್ಮೆಗೆ ಯಾವ ತಂತ್ರಾಂಶವೂ ಬದಲಿಯಲ್ಲ.

ಸ್ಟ್ಯಾಕ್ ಮಾಡುವ ಮೊದಲೇ ಕ್ಯಾಮೆರಾ ತಾನಾಗಿ ಸೇರಿಸಿದ ದೋಷಗಳನ್ನು ತೆಗೆಯಬೇಕು. ಸೆನ್ಸರಿನ ಬಿಸಿಯಿಂದಲೇ ಹುಟ್ಟುವ ಸಂಕೇತ ಸುಮಾರು 6 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಇಮ್ಮಡಿಯಾಗುತ್ತದೆ. ಅದಕ್ಕಾಗಿ ಲೆನ್ಸಿಗೆ ಮುಚ್ಚಳ ಹಾಕಿ, ಅಷ್ಟೇ ಅವಧಿಯ, ಅಷ್ಟೇ ತಂಪಿನ ‘ಡಾರ್ಕ್’ ಫ್ರೇಮುಗಳನ್ನು ತೆಗೆದು ಮೂಲದಿಂದ ಕಳೆಯುತ್ತಾರೆ. ಮಲೆನಾಡಿನ ಚಳಿಗಾಲದಲ್ಲಿ ಸಂಜೆಗೂ ಬೆಳಗಿನ ಜಾವಕ್ಕೂ ಉಷ್ಣತೆ ಬಹಳ ಇಳಿಯುವುದರಿಂದ ಡಾರ್ಕ್‌ಗಳನ್ನು ಒಂದೇ ಹೊತ್ತಿನಲ್ಲಿ ತೆಗೆದು ಮುಗಿಸಿದರೆ ಲೆಕ್ಕ ತಪ್ಪುತ್ತದೆ. ಚಿತ್ರದ ಮೂಲೆಗಳು ಕಪ್ಪಾಗುವುದು, ಸೆನ್ಸರಿನ ಮೇಲಿನ ದೂಳಿನ ಕಲೆ ಇವಕ್ಕೆ ‘ಫ್ಲ್ಯಾಟ್’ ಫ್ರೇಮುಗಳು ಮದ್ದು. ಬೆಳಗಾಗುವಾಗ ಲೆನ್ಸಿನ ಬಾಯಿಗೆ ಬಿಳಿ ಪಂಚೆ ಬಿಗಿದು ಆಕಾಶದತ್ತ ತಿರುಗಿಸಿ ತೆಗೆದರೆ ಸಾಕು. ಇವನ್ನು ಕಳೆಯುವುದಲ್ಲ, ಇವುಗಳಿಂದ ಭಾಗಿಸುವುದು. ರಾತ್ರಿಯಿಡೀ ಎಚ್ಚರವಿದ್ದವರಿಗೆ ಈ ಕೊನೆಯ ಅರ್ಧ ಗಂಟೆ ಬೇಸರದ್ದು, ಆದರೆ ಫ್ಲ್ಯಾಟ್ ಇಲ್ಲದ ಚಿತ್ರವನ್ನು ಮುಂದೆ ಎಷ್ಟು ತಿದ್ದಿದರೂ ಅದು ನೆಟ್ಟಗಾಗುವುದಿಲ್ಲ.

ಸ್ಟ್ಯಾಕ್ ಆದ ಚಿತ್ರ ಪರದೆಯ ಮೇಲೆ ಬಹುತೇಕ ಕಪ್ಪಾಗಿಯೇ ಕಾಣುತ್ತದೆ. ಕ್ಯಾಮೆರಾದ 14 ಬಿಟ್ ರಾ ಕಡತದಲ್ಲಿ ಬೆಳಕಿಗೆ 16,384 ಮೆಟ್ಟಿಲುಗಳಿವೆ. ಗೆಲಾಕ್ಸಿಯ ಸುರುಳಿಗಳು ತಳದ ಕೆಲವೇ ಮೆಟ್ಟಿಲುಗಳಲ್ಲಿ ಇಕ್ಕಟ್ಟಾಗಿ ಕುಳಿತಿರುತ್ತವೆ. ಅವನ್ನು ಹಿಗ್ಗಿಸುವ ಮೊದಲು ಶಿರಸಿ ಪೇಟೆಯ ದೀಪಗಳಿಂದ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಹರಡಿದ ಬೆಳಕನ್ನು ಅಳೆದು ಕಳೆಯಬೇಕು. ಹೊಸಬರು ಎಡವುವುದು ಇಲ್ಲಿಯೇ. ಅಳತೆಯ ಬಿಂದುಗಳನ್ನು ಗೆಲಾಕ್ಸಿಯ ಹತ್ತಿರ ಇಟ್ಟರೆ ತಂತ್ರಾಂಶ ಹೊರ ಸುರುಳಿಯನ್ನೇ ಪೇಟೆಯ ಬೆಳಕೆಂದು ತಿಳಿದು ತಿಂದುಹಾಕುತ್ತದೆ.

ನಂತರ ಬಣ್ಣ. ಸೆನ್ಸರಿನ ನಾಲ್ಕು ಪಿಕ್ಸೆಲುಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್‌ನ ಬ್ರೈಸ್ ಬೇಯರ್ ರೂಪಿಸಿದ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಸೆನ್ಸರ್ ಹಸಿರು ಬೆಳಕಿಗೆ ಹೆಚ್ಚು ಸ್ಪಂದಿಸುವುದರಿಂದ ತಿದ್ದದ ಚಿತ್ರಕ್ಕೆ ಹಸಿರು ಛಾಯೆ ಬರುತ್ತದೆ. ಗಾಯಾ ಉಪಗ್ರಹ ಅಳೆದ ನಕ್ಷತ್ರಗಳ ಬಣ್ಣಕ್ಕೆ ಚಿತ್ರದ ನಕ್ಷತ್ರಗಳನ್ನು ಹೊಂದಿಸಿದರೆ ಬಣ್ಣ ಊಹೆಗೆ ಉಳಿಯುವುದಿಲ್ಲ. ವಯಸ್ಸಾದ ನಕ್ಷತ್ರಗಳ ನಡುಭಾಗ ಹಳದಿಯಾಗಿ, ಎಳೆಯ ನಕ್ಷತ್ರಗಳ ಸುರುಳಿಗಳು ನೀಲಿಯಾಗಿ ತಾವಾಗಿ ಬೇರೆಯಾಗುತ್ತವೆ. ಕೊನೆಗೆ ಹಿಗ್ಗಿಸುವಿಕೆ. ಮಂದ ಭಾಗವನ್ನು ಹೆಚ್ಚು, ಹೊಳೆಯುವ ಭಾಗವನ್ನು ಕಡಿಮೆ ಎತ್ತುವ ಗಣಿತದ ವಕ್ರರೇಖೆಯನ್ನು ಸ್ವಲ್ಪಸ್ವಲ್ಪವೇ ಹಲವು ಸಲ ಬಳಸಿದರೆ ಕೇಂದ್ರ ಸುಟ್ಟುಹೋಗದೆ, ಸುರುಳಿಗಳ ನಡುವಿನ ಕಪ್ಪು ದೂಳಿನ ಪಟ್ಟಿಗಳು, ಪಕ್ಕದ ಪುಟ್ಟ ಗೆಲಾಕ್ಸಿಗಳಾದ ಎಂ32 ಮತ್ತು ಎಂ110 ಮೂಡುತ್ತವೆ. ಸಿರಿಲ್‌ನಂಥ ಉಚಿತ ತಂತ್ರಾಂಶದಲ್ಲಿ ಈ ಹಂತಗಳೆಲ್ಲ ಸಾಧ್ಯ.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಉಪಕರಣಗಳು ನಾಯ್ಸ್ ತೆಗೆಯುತ್ತವೆ, ಅಂಚು ಹರಿತಗೊಳಿಸುತ್ತವೆ. ಮಿತಿ ಮೀರಿದರೆ ಇಲ್ಲದ ಎಳೆಗಳನ್ನೂ ನೇಯುತ್ತವೆ. ಕಂಡ ವಿವರ ನಿಜವೇ ಎಂದು ತಿಳಿಯಲು ಬೇರೊಂದು ರಾತ್ರಿಯ, ಬೇರೊಂದು ಉಪಕರಣದ ಚಿತ್ರದಲ್ಲೂ ಅದು ಇದೆಯೇ ಎಂದು ನೋಡುವುದೊಂದೇ ದಾರಿ. ಫ್ರಾನ್ಸ್, ಜರ್ಮನಿಯ ಹವ್ಯಾಸಿಗಳಾದ ಯಾನ್ ಸ್ಯಾಂಟಿ, ಮಾರ್ಸೆಲ್ ಡ್ರೆಕ್ಸ್‌ಲರ್, ಕ್ಸೇವಿಯರ್ ಸ್ಟ್ರಾಟ್ನರ್ ಎಂ31ರ ಪಕ್ಕದಲ್ಲೇ, ಯಾರೂ ಗುರುತಿಸದಿದ್ದ, ಆಮ್ಲಜನಕದ ಬೆಳಕಿನ ದೊಡ್ಡ ಕಮಾನನ್ನು ಕಂಡಾಗ ಹಾಗೆಯೇ ಮಾಡಿದರು. ಬೇರೆ ಉಪಕರಣಗಳಲ್ಲೂ ಅದು ಸಿಕ್ಕ ಮೇಲೆ, 2023ರ ಜನವರಿಯಲ್ಲಿ ಪ್ರಕಟಿಸಿದರು. ಅವರ ಮುಖ್ಯ ದೂರದರ್ಶಕ ಕೇವಲ 106 ಮಿ.ಮೀ.ನದು. ಆದರೆ ಒಟ್ಟು ಎಕ್ಸ್‌ಪೋಶರ್ ನೂರು ಗಂಟೆ ಮೀರಿತ್ತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಆಕಾಶ ಮುಚ್ಚಿರುತ್ತದೆ. ಪ್ರೊಸೆಸಿಂಗ್ ಕಲಿಯಲು ಅದೇ ಸಮಯ, ಕಲಿಯಲು ಸಾಮಗ್ರಿ ಕರ್ನಾಟಕದಲ್ಲೇ ಇದೆ. 2015ರ ಸೆಪ್ಟೆಂಬರ್ 28ರಂದು ಕಕ್ಷೆಗೇರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಸಿದ್ಧಪಡಿಸುವಲ್ಲಿ ಮುಂದಾಳತ್ವ ವಹಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಆ ದೂರದರ್ಶಕ ಸೆಕೆಂಡಿಗೆ ಸುಮಾರು 29 ಫ್ರೇಮ್ ತೆಗೆಯುತ್ತದೆ. ಉಪಗ್ರಹದ ತೂಗಾಟವನ್ನು ಲೆಕ್ಕಹಾಕಿ ಅವನ್ನು ಸರಿಸಿ, ಕೂಡಿಸಿ ಒಂದು ಚಿತ್ರ ಮಾಡುತ್ತಾರೆ. ಬೇಣದಲ್ಲಿ ನಿಂತ ಟ್ರ್ಯಾಕರಿನ ಫ್ರೇಮುಗಳಿಗೂ ಸಲ್ಲುವುದು ಇದೇ ವಿಧಾನ. ಎಂ31ರ ಭಾಗಗಳನ್ನೂ ಆಸ್ಟ್ರೋಸ್ಯಾಟ್ ಹೀಗೆ ಸೆರೆಹಿಡಿದಿದೆ. ಬ್ಯಾಲಾಳುವಿನಲ್ಲಿರುವ ಇಸ್ರೊ ದತ್ತಾಂಶ ಕೇಂದ್ರದ ಮೂಲಕ ಆ ವೀಕ್ಷಣೆಗಳು ಸಾರ್ವಜನಿಕರಿಗೂ ಸಿಗುತ್ತವೆ.