ಡೋಲಿನ ದನಿಗೆ ಎಡೆ

ದೊಡ್ಡ ಧ್ವನಿವರ್ಧಕಗಳ ನಡುವೆ ಬರಿಗೈಯಿಂದ ನುಡಿಸುವ ಡೋಲಿನ ದನಿ ಉಳಿದೀತೆ? ಜಮೈಕಾ ದ್ವೀಪದ ರೆಗ್ಗೆ ಸಂಗೀತವನ್ನು ಕೇಳುವಾಗ ಭೌತವಿಜ್ಞಾನದ ಅಭ್ಯಾಸಿಗಳಾದ ನಮಗೆ ಈ ಪ್ರಶ್ನೆ ಏಳುತ್ತದೆ. ವೇದಿಕೆಯ ಒಂದು ಕಡೆ ವಿದ್ಯುತ್ ಗಿಟಾರುಗಳು. ಇನ್ನೊಂದು ಕಡೆ ಆಫ್ರಿಕದ ಪರಂಪರೆಯ ಚರ್ಮವಾದ್ಯಗಳು. ಬಲ್ಲಿದನು ಬಡವನನ್ನು ನುಂಗದಿರುವುದು ಹೇಗೆ?

ಮೊದಲು ಈ ಡೋಲುಗಳ ಪೂರ್ವಕಥೆಯನ್ನು ತಿಳಿಯೋಣ. ಕಬ್ಬಿನ ತೋಟಗಳ ದುಡಿಮೆಗಾಗಿ ಆಫ್ರಿಕದಿಂದ ಸೆರೆಯಾಳುಗಳಾಗಿ ಬಂದವರು ತಮ್ಮ ಲಯಗಳನ್ನು ನೆನಪಿನಲ್ಲಿ ಹೊತ್ತು ತಂದರು. ದಂಗೆಯ ಕರೆಯಾದೀತೆಂದು ಹೆದರಿದ ಒಡೆಯರು ಡೋಲಿನ ಸದ್ದಿಗೆ ನಿರ್ಬಂಧ ಹಾಕಿದರು. ಆದರೂ ‘ಬುರು’ ಎಂಬ ವಾದನಪದ್ಧತಿ ಅಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕಿಂಗ್‌ಸ್ಟನ್ ನಗರದ ಕೌಂಟ್ ಒಸ್ಸಿ (1926–1976) ಅದನ್ನು ಕಲಿತು, ರಾಸ್ತಫಾರಿ ಪಂಥದವರ ‘ನ್ಯಾಬಿಂಗಿ’ ಪ್ರಾರ್ಥನಾಕೂಟಗಳ ವಾದನವನ್ನು ರೂಪಿಸಿದರು. 1960ರ ಸುಮಾರಿಗೆ ಫೋಕ್ಸ್ ಸೋದರರ ‘ಓ ಕ್ಯಾರೊಲಿನಾ’ ಹಾಡಿನ ಧ್ವನಿಮುದ್ರಣದಲ್ಲಿ ಅವರ ತಂಡದ ಡೋಲುಗಳು ಜನಪ್ರಿಯ ಸಂಗೀತವನ್ನು ಹೊಕ್ಕವು. ರೆಗ್ಗೆ ಎಂಬ ಹೆಸರು ರೂಢಿಗೆ ಬಂದುದು 1968ರ ಹೊತ್ತಿಗೆ. 1970ರ ದಶಕದಲ್ಲಿ ರಾಸ್ ಮೈಕೆಲ್ ಅವರ ತಂಡವು ಡೋಲುಗಳನ್ನೂ ವಿದ್ಯುತ್ ಗಿಟಾರುಗಳನ್ನೂ ಒಟ್ಟುಗೂಡಿಸಿತು.

ನ್ಯಾಬಿಂಗಿ ಡೋಲುಗಳು ಮೂರು. ಎಲ್ಲಕ್ಕಿಂತ ದೊಡ್ಡದಾದ ‘ಬಾಸ್’ ಡೋಲನ್ನು ತುದಿಗೆ ಮೆತ್ತೆ ಕಟ್ಟಿದ ಕೋಲಿನಿಂದ ಬಾರಿಸುತ್ತಾರೆ. ‘ಫುಂಡೆ’ ಹೃದಯದ ಬಡಿತದಂತೆ ಎರಡೆರಡು ಪೆಟ್ಟುಗಳಲ್ಲಿ ಲಯವನ್ನು ಕಾಯುತ್ತದೆ. ಹೆಚ್ಚು ಬಿಗಿಯಾದ ‘ರಿಪೀಟರ್’ ವಾದಕನ ಮನೋಧರ್ಮಕ್ಕೆ ತಕ್ಕಂತೆ ಮಾತಾಡುತ್ತದೆ. ಚರ್ಮದ ಬಿಗಿತ ನಾಲ್ಕು ಪಟ್ಟಾದರೆ ಕಂಪನಸಂಖ್ಯೆ ಎರಡು ಪಟ್ಟಾಗುತ್ತದೆ. ಅಗಲ ಹೆಚ್ಚಿದಂತೆ ಅದು ತಗ್ಗುತ್ತದೆ. ತೇವದಿಂದ ಸಡಿಲಿದ ಚರ್ಮವನ್ನು ಬೆಂಕಿಯ ಬಳಿ ಕಾಯಿಸುವ ರೂಢಿಗೂ ಇದೇ ಕಾರಣ.

ತಂತಿಯ ಕಂಪನಸಂಖ್ಯೆಗಳು 1, 2, 3 ಎಂಬ ಪ್ರಮಾಣದಲ್ಲಿವೆ. ಎಲ್ಲೆಡೆ ಸಮನಾಗಿ ಬಿಗಿದ ದುಂಡು ಚರ್ಮದವು 1, 1.59, 2.14 ಎಂಬ ಪ್ರಮಾಣದಲ್ಲಿವೆ. ಮೃದಂಗದ ಕರಣೆ ಈ ಪ್ರಮಾಣವನ್ನು ತಂತಿಯ ಪ್ರಮಾಣಕ್ಕೆ ಸಮೀಪಿಸುವಂತೆ ಮಾಡುವುದೆಂದು ಸಿ. ವಿ. ರಾಮನ್ ಅವರು 1920ರಲ್ಲಿ ತಿಳಿಸಿದರು. ನ್ಯಾಬಿಂಗಿ ಡೋಲುಗಳಿಗೆ ಕರಣೆಯಿಲ್ಲ. ಅವುಗಳ ದನಿಯಲ್ಲಿ ಖಚಿತವಾದ ಶ್ರುತಿ ಎದ್ದು ಕಾಣುವುದಿಲ್ಲ. ಆದುದರಿಂದ ಗಿಟಾರಿನ ಸ್ವರದೊಡನೆ ಅವು ಅಷ್ಟಾಗಿ ಕಲಹಕ್ಕೆ ನಿಲ್ಲುವುದಿಲ್ಲ.

ತೊಡಕಿರುವುದು ಬೇರೆಡೆ. ತಗ್ಗಿನ ಸ್ವರವೊಂದು ಬಲವಾಗಿ ಮೊಳಗಿದಾಗ ಅದಕ್ಕಿಂತ ಮೇಲಿನ ಮೆಲುದನಿಗಳನ್ನು ಅದು ನಮ್ಮ ಕಿವಿಗೆ ಮರೆಮಾಡುತ್ತದೆ. ಬಾಸ್ ಗಿಟಾರಿನ ಅತಿ ತಗ್ಗಿನ ತಂತಿಯು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಅದರ ಮೊಳಗಿನೆದುರು ಡೋಲಿನ ಮೈಕ್ರೊಫೋನಿನ ಶಕ್ತಿಯನ್ನು ಹೆಚ್ಚಿಸಿದರೆ ಸಾಲದೆ ಎಂದು ವಾಚಕರು ಕೇಳಬಹುದು. ಸಾಲದು. ಮೈಕ್ರೊಫೋನು ಧ್ವನಿವರ್ಧಕದ ಸದ್ದನ್ನೂ ಹಿಡಿಯುತ್ತದೆ. ಆ ಸದ್ದು ಮತ್ತೆ ಮತ್ತೆ ಸುತ್ತಿ ಬೆಳೆದು ಊಳಿಡತೊಡಗುತ್ತದೆ.

ಪರಿಹಾರವಿರುವುದು ಕಾಲದ ಹಂಚಿಕೆಯಲ್ಲಿ. ನಾಲ್ಕು ಎಣಿಕೆಗಳ ಆವರ್ತವೊಂದನ್ನು ತೆಗೆದುಕೊಳ್ಳೋಣ. ‘ಒನ್ ಡ್ರಾಪ್’ ಎಂಬ ರೆಗ್ಗೆ ನಡೆಯಲ್ಲಿ ಕಾಲಿನಿಂದ ತುಳಿದು ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟು ಬೀಳುವುದು ಮೂರನೆಯ ಎಣಿಕೆಗೆ, ಮೊದಲನೆಯದು ಖಾಲಿ. ಗಿಟಾರಿನ ಚುಟುಕು ಮೀಟು ಎರಡಕ್ಕೂ ನಾಲ್ಕಕ್ಕೂ ಬರುತ್ತದೆ. ಬಾಸ್ ಗಿಟಾರೂ ಹಲವು ವೇಳೆ ಮೊದಲ ಎಣಿಕೆಯನ್ನು ಬಿಟ್ಟುಕೊಡುತ್ತದೆ. ನ್ಯಾಬಿಂಗಿಯ ದೊಡ್ಡ ಡೋಲಿನ ತುಂಬುದನಿ ಹೊಮ್ಮುವುದು ಸರಿಯಾಗಿ ಅಲ್ಲಿಯೇ! ನಿಮಿಷಕ್ಕೆ 75 ಎಣಿಕೆಗಳ ಗತಿಯಲ್ಲಿ ಒಂದು ಎಣಿಕೆಗೆ 0.8 ಸೆಕೆಂಡು. ಬಲವಾದ ಸದ್ದೊಂದು ನಿಂತ ಬಳಿಕ ಅದರ ಮರೆ ಸುಮಾರು 0.2 ಸೆಕೆಂಡಿನೊಳಗೆ ಕರಗುತ್ತದೆ. ಹೀಗಾಗಿ ಡೋಲಿನ ಪೆಟ್ಟು ತಿಳಿಯಾದ ಕಿವಿಗೆ ಬೀಳುತ್ತದೆ.

ವಾದಕರು ಒತ್ತಾಗಿ ಕುಳಿತುಕೊಳ್ಳುವುದೂ ಲೇಸು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ, 17 ಮೀಟರು ದೂರದವನ ಪೆಟ್ಟು 0.05 ಸೆಕೆಂಡು ತಡವಾಗಿ ಕೇಳುತ್ತದೆ. ಅಷ್ಟರಿಂದಲೇ ಲಯ ಜಾರತೊಡಗುತ್ತದೆ.

ಜಮೈಕಾದ ರೆಗ್ಗೆ ಸಂಗೀತವನ್ನು ಯುನೆಸ್ಕೋ ಸಂಸ್ಥೆಯು 2018ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ವೇದಿಕೆಯ ಮೇಲೆ ಡೋಲು ಕೇಳಿಸಲಾರದು. ಎಲ್ಲ ಎಣಿಕೆಗಳನ್ನೂ ಅಬ್ಬರದಿಂದ ತುಂಬಿದಲ್ಲಿ ಅದು ನೋಟಕ್ಕಷ್ಟೇ ಉಳಿದೀತು. ಒಡೆಯರ ನಿರ್ಬಂಧವನ್ನು ಗೆದ್ದುಬಂದ ದನಿ ಧ್ವನಿವರ್ಧಕಗಳ ನಡುವೆಯೂ ಬಾಳುವುದು, ಜೊತೆಗಾರರು ಅದಕ್ಕಾಗಿ ಒಂದು ಎಣಿಕೆಯಷ್ಟು ಸುಮ್ಮನಿರಬಲ್ಲರಾದರೆ.