ಹಳೇ ಹೆಸರಿನ ಕಾಟ

ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡರೆ ಹೆಸರೂ ಸೆಕೆಂಡ್‌ಹ್ಯಾಂಡೇ. ನನ್ನದರಲ್ಲಿ ಹಳೆಯ ಉಬುಂಟು ಇತ್ತು. ಹಿಂದಿನ ಯಜಮಾನರು ಇಟ್ಟ ಹೆಸರು 'ಆಫೀಸ್-07'. ತಿಂಗಳು ಸಹಿಸಿಕೊಂಡೆ. ಒಂದು ಭಾನುವಾರ ಟರ್ಮಿನಲ್ ತೆರೆದು, ಒಂದೇ ಸಾಲಿನ ಆದೇಶದಲ್ಲಿ 'ಮಲ್ಲಿಗೆ' ಎಂದು ಮರುನಾಮಕರಣ ಮಾಡಿದೆ. ಇಂಗ್ಲಿಷ್ ಅಕ್ಷರಗಳಲ್ಲೇ ಅನ್ನಿ. ಯಂತ್ರದ ಹೆಸರಿಗೆ, ಅಂದರೆ ಹೋಸ್ಟ್‌ನೇಮ್‌ಗೆ, ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಬಿಟ್ಟು ಬೇರೇನೂ ಒಗ್ಗದು.

ಕಾಟ ಶುರುವಾದದ್ದು ಆಮೇಲೆ. ಯಜಮಾನಿಕೆಯ ಅಧಿಕಾರದಲ್ಲಿ ಆದೇಶ ಓಡಿಸುವ 'ಸುಡೊ' ಎಂದು ಟೈಪಿಸಿದಾಗಲೆಲ್ಲ ಕೆಲವು ಸೆಕೆಂಡು ಮೌನ, ನಂತರ ಗೊಣಗಾಟ: ಮಲ್ಲಿಗೆ ಎಂಬ ಯಂತ್ರದ ವಿಳಾಸ ಸಿಗುತ್ತಿಲ್ಲ! ಕ್ರೋಮಿಯಂ ಬ್ರೌಸರ್ ತೆರೆಯಲೇ ಒಲ್ಲದು. ನಿಮ್ಮ ಪ್ರೊಫೈಲನ್ನು ಇನ್ನೊಂದು ಕಂಪ್ಯೂಟರ್ ಬಳಸುತ್ತಿದೆ ಎಂಬ ದೂರು. ಯಾವುದಪ್ಪಾ ಅದು ಎಂದು ನೋಡಿದರೆ, ಆಫೀಸ್-07!

ಯಂತ್ರ ತನ್ನ ಹೆಸರನ್ನು ಇಡುವುದು 'ಇಟಿಸಿ' ಫೋಲ್ಡರಿನ 'ಹೋಸ್ಟ್‌ನೇಮ್' ಕಡತದಲ್ಲಿ. ಆ ಹೆಸರಿನ ವಿಳಾಸ ಇರುವುದು ಪಕ್ಕದ 'ಹೋಸ್ಟ್ಸ್' ಕಡತದಲ್ಲಿ. ಉಬುಂಟುವಿನಲ್ಲಿ 127.0.1.1 ಎಂಬ ಸಂಖ್ಯೆಯ ಮುಂದೆ ಯಂತ್ರದ ಹೆಸರಿರುತ್ತದೆ. ನಾನು ಮೊದಲನೆಯದನ್ನು ತಿದ್ದಿ ಎರಡನೆಯದನ್ನು ಮರೆತಿದ್ದೆ. ಸುಡೊಗೆ ಯಂತ್ರದ ಗುರುತು ಬೇಕು. ಯಾವ ಯಂತ್ರದಲ್ಲಿ ಯಾರಿಗೆ ಯಾವ ಅಧಿಕಾರ ಎಂಬ ನಿಯಮಗಳನ್ನು ಹೆಸರು ಹಿಡಿದೇ ಬರೆಯಬಹುದಲ್ಲ.

ಈ 'ಹೋಸ್ಟ್ಸ್' ಕಡತಕ್ಕೆ ದೊಡ್ಡ ವಂಶವೃಕ್ಷವೇ ಇದೆ. ಇಂಟರ್ನೆಟ್ಟಿನ ಹಿರಿಯಜ್ಜ ಆರ್ಪಾನೆಟ್‌ನಲ್ಲಿ ಎಲ್ಲ ಯಂತ್ರಗಳ ಹೆಸರೂ ಒಂದೇ ಪಟ್ಟಿಯಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಯಂತ್ರಗಳು ಹೆಚ್ಚಿ ಪಟ್ಟಿ ಏಗದಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್ಎಸ್ ವ್ಯವಸ್ಥೆ ರೂಪಿಸಿದರು. ಆದರೂ ಆ ಹಳೇ ಪಟ್ಟಿಯ ತುಣುಕು ಪ್ರತಿ ಯಂತ್ರದಲ್ಲೂ ಉಳಿದುಕೊಂಡಿದೆ.

ಸುಡೊ ಗೊಣಗಿದರೂ ಕೆಲಸ ನಿಲ್ಲಿಸಿರಲಿಲ್ಲ. ಅದನ್ನೇ ಬಳಸಿ 'ಹೋಸ್ಟ್ಸ್' ತಿದ್ದಿ ಹೊಸ ಹೆಸರು ಬರೆದೆ, ಗೊಣಗಾಟ ನಿಂತಿತು. ಬ್ರೌಸರಿನದು ಬೇರೆ ಕಥೆ. ಹೆಸರು ಬದಲಿಸುವಾಗ ಅದು ತೆರೆದೇ ಇತ್ತು, ನಾನು ಹಾಗೇ ರೀಬೂಟ್ ಮಾಡಿದ್ದೆ. ಪ್ರೊಫೈಲ್ ಫೋಲ್ಡರಿನ 'ಸಿಂಗಲ್ಟನ್‌ಲಾಕ್' ಎಂಬ ಬೀಗದ ಮೇಲೆ ಹಳೇ ಹೆಸರು ಹಾಗೇ ಉಳಿದಿತ್ತು. ಬ್ರೌಸರ್ ಎಲ್ಲೂ ಓಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬೀಗ ಅಳಿಸಿದೆ, ತೆರೆಯಿತು.

ಮನೆಯ ಲ್ಯಾಪ್‌ಟಾಪಿಗೆ ಇಷ್ಟೇ ತಲೆನೋವು. ಸರ್ವರ್‌ಗಳಲ್ಲಿ ಎದೆ ಧಸಕ್ಕೆನ್ನುತ್ತದೆ. ಸಂದೇಶಗಳನ್ನು ಸರದಿಯಲ್ಲಿಟ್ಟು ತಲುಪಿಸುವ ರಾಬಿಟ್‌ಎಂಕ್ಯೂ ತಂತ್ರಾಂಶ ತನ್ನ ದತ್ತಾಂಶದ ಫೋಲ್ಡರಿಗೆ ಯಂತ್ರದ ಹೆಸರನ್ನೇ ಇಟ್ಟುಕೊಳ್ಳುತ್ತದೆ. ಹೆಸರು ಬದಲಾದರೆ ಸರದಿಗಳೆಲ್ಲ ಮಾಯವಾದಂತೆ ಖಾಲಿ ಹೊಡೆಯುತ್ತದೆ. ಹಳೇ ಫೋಲ್ಡರ್ ಮಾತ್ರ ಪಕ್ಕದಲ್ಲೇ ಬಿದ್ದಿರುತ್ತದೆ. ಕೆಲವು ಕ್ಲೌಡ್ ಸರ್ವರ್‌ಗಳಲ್ಲಿ ರೀಬೂಟ್ ಆದೊಡನೆ ಹಳೇ ಹೆಸರೇ ವಾಪಸ್ಸು; ಸರ್ವರನ್ನು ಆರಂಭದಲ್ಲಿ ಸಜ್ಜುಗೊಳಿಸುವ 'ಕ್ಲೌಡ್-ಇನಿಟ್'ಗೆ ಹೆಸರು ಮುಟ್ಟಬೇಡ ಎಂದು ಸೆಟಿಂಗಿನಲ್ಲಿ ಹೇಳಿರಬೇಕು. ವಿಂಡೋಸ್‌ನಲ್ಲಿ ಯಂತ್ರದ ಹೆಸರು ಬದಲಾದರೆ, ಅದರ ಮೂಲಕ ಹಂಚಿಕೊಂಡ ಪ್ರಿಂಟರ್ ಉಳಿದವರ ಕೈಗೆ ಸಿಗದು.

ಹೆಸರು ಬದಲಿಸುವುದು ಒಂದು ಸಾಲಿನ ಕೆಲಸ, ಡಂಗುರ ಸಾರುವುದೇ ನಿಜವಾದ ಕೆಲಸ. ಈಗ ನಾನು ಮೊದಲು ಕಡತಗಳಲ್ಲಿ ಪದ ಹುಡುಕುವ 'ಗ್ರೆಪ್' ಓಡಿಸಿ ಹಳೇ ಹೆಸರು ಎಲ್ಲೆಲ್ಲಿದೆ ಎಂದು ಹುಡುಕುತ್ತೇನೆ, ಆಮೇಲೆ ನಾಮಕರಣ. ಇಷ್ಟಾದರೂ ನನ್ನ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಲ್ಯಾಪ್‌ಟಾಪ್ ಇನ್ನೂ ಆಫೀಸ್-07.