ಇಂದಿನ ರೂಪಾಯಿಯೂ ಮುಂದಿನ ರೂಪಾಯಿಯೂ

ಮಕ್ಕಳು ವಿಶ್ವವಿದ್ಯಾನಿಲಯದಲ್ಲಿ ವಾಣಿಜ್ಯಶಾಸ್ತ್ರವನ್ನು ಓದುತ್ತಿರುವರೆಂದರೆ, ಜಮಾ ಖರ್ಚು ಬರೆಯುವುದನ್ನೂ ಅಢಾವೆ ಪತ್ರಿಕೆಯ ಎರಡು ಬದಿಗಳನ್ನು ಸರಿದೂಗಿಸುವುದನ್ನೂ ಕಲಿಯುತ್ತಿರುವರೆಂದೇ ಅನೇಕ ಗೃಹಸ್ಥರ ಭಾವನೆ. ನಮ್ಮ ಭಾವನೆಯೂ ಹಾಗೆಯೇ ಇದ್ದಿತು. ಮೈಸೂರಿನಲ್ಲಿ ಬಿ.ಕಾಂ. ಓದುತ್ತಿರುವ ನಮ್ಮ ತಂಗಿಯ ಮಗಳು ರಜಕ್ಕೆ ಬಂದಿದ್ದಾಗ, ಆಕೆಯ ಹಣಕಾಸು ನಿರ್ವಹಣೆಯ ಟಿಪ್ಪಣಿ ಪುಸ್ತಕವನ್ನು ಕುತೂಹಲದಿಂದ ತಿರುವಿ ನೋಡಿದೆವು. ಅದರಲ್ಲಿ ಜಮಾ ಖರ್ಚಿನ ಸುದ್ದಿಯೇ ಕಡಮೆ. ಮೊದಲನೆಯ ಪುಟದಲ್ಲಿ ಕಂಡ ಪ್ರಶ್ನೆ ಇದು: ಬರುವ ವರ್ಷ ಕೈಸೇರತಕ್ಕ ನೂರು ರೂಪಾಯಿಗೆ ಇಂದು ಎಷ್ಟು ಕೊಡಬಹುದು?

ನೂರು ರೂಪಾಯಿಗೆ ನೂರು ರೂಪಾಯಿಯೇ ಎಂದು ನಾವು ಹೇಳಿದೆವು. ಹುಡುಗಿ ನಕ್ಕಳು. ಶೇಕಡ 8ರ ಬಡ್ಡಿ ದೊರೆಯುವುದಾದರೆ ಇಂದಿನ 100 ರೂಪಾಯಿ ವರ್ಷಾಂತ್ಯಕ್ಕೆ 108 ಆಗುವುದಷ್ಟೆ. ಅದನ್ನೇ ತಿರುಗಿಸಿ ಎಣಿಸಿದರೆ, ಬರುವ ವರ್ಷದ 100 ರೂಪಾಯಿಗೆ ಇಂದಿನ ಬೆಲೆ 92 ರೂಪಾಯಿ 59 ಪೈಸೆ. ಹತ್ತು ವರ್ಷಗಳ ಮೇಲೆ ಬರುವ ನೂರಕ್ಕಾದರೋ ಇಂದು 46 ರೂಪಾಯಿ 32 ಪೈಸೆ ಮಾತ್ರ. ಕಾದಿರಬೇಕಾದ ಕಷ್ಟ, ಅಷ್ಟರಲ್ಲಿ ಏರುವ ಪದಾರ್ಥಗಳ ಬೆಲೆ, ಬರುವುದೋ ಬಾರದೋ ಎಂಬ ಶಂಕೆ, ಇವು ಮೂರೂ ಸೇರಿ ಮುಂದಿನ ರೂಪಾಯಿಯನ್ನು ಸಣ್ಣದು ಮಾಡುವುವು. ಇದನ್ನು ವರ್ತಮಾನ ಮೌಲ್ಯವೆನ್ನುವರು.

ಈ ವಿಚಾರವನ್ನು ಶಾಸ್ತ್ರೀಯವಾಗಿ ವಿವರಿಸಿದವರಲ್ಲಿ ಅಮೆರಿಕದ ಅರ್ವಿಂಗ್ ಫಿಷರ್ ಪ್ರಮುಖನು. ಬಡ್ಡಿಯ ಸಿದ್ಧಾಂತವನ್ನು ಕುರಿತ ಆತನ ಗ್ರಂಥವು 1930ರಲ್ಲಿ ಪ್ರಕಟವಾಯಿತು. ವಿಚಿತ್ರವೆಂದರೆ, ಅದಕ್ಕೆ ಹಿಂದಿನ ವರ್ಷವೇ ನ್ಯೂಯಾರ್ಕಿನ ಷೇರು ಪೇಟೆ ಕುಸಿದು ಆತನ ಆಸ್ತಿಯೆಲ್ಲ ಕರಗತೊಡಗಿತ್ತು. ಸೂತ್ರವನ್ನು ಬಲ್ಲವನು ಪೇಟೆಯನ್ನೂ ಬಲ್ಲನೆಂದು ನಂಬಬೇಕಾದುದಿಲ್ಲ.

ಕಂಪೆನಿಯೊಂದು ಹೊಸ ಯಂತ್ರವನ್ನು ಕೊಳ್ಳಬೇಕೆ, ಬೇಡವೆ ಎಂಬುದನ್ನು ನಿರ್ಣಯಿಸುವುದೂ ಇದೇ ಲೆಕ್ಕದಿಂದ. ಯಂತ್ರದಿಂದ ವರ್ಷವರ್ಷವೂ ಬರತಕ್ಕ ಹಣವನ್ನು ಇಂದಿನ ಬೆಲೆಗೆ ಇಳಿಸಿ ಕೂಡಿಸಿ, ಯಂತ್ರದ ಕ್ರಯವನ್ನು ಕಳೆದು, ಏನಾದರೂ ಉಳಿದರೆ ಕೊಳ್ಳತಕ್ಕದ್ದು. ಕ್ರಯದ ಹಣವನ್ನು ಷೇರುಗಳಿಂದ ಎತ್ತಬೇಕೆ, ಸಾಲವಾಗಿ ತರಬೇಕೆ ಎಂಬುದು ಮುಂದಿನ ಪಾಠ. ಇಲ್ಲಿ ಮೊಡಿಲಿಯಾನಿ, ಮಿಲ್ಲರ್ ಎಂಬ ಇಬ್ಬರು ಪಂಡಿತರು 1958ರಲ್ಲಿ ಒಂದು ಸೋಜಿಗದ ಮಾತನ್ನು ಸಾಧಿಸಿ ತೋರಿಸಿದರು. ತೆರಿಗೆ, ದಿವಾಳಿಯ ವೆಚ್ಚ ಮೊದಲಾದ ತೊಡಕುಗಳಿಲ್ಲವೆಂದು ಭಾವಿಸಿಕೊಂಡರೆ, ಸಾಲವೆಷ್ಟು ಷೇರೆಷ್ಟು ಎಂಬುದರಿಂದ ಕಂಪೆನಿಯ ಒಟ್ಟು ಬೆಲೆ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಗದ್ದೆಯ ನಡುವೆ ಬದುವನ್ನು ಎಲ್ಲಿ ಹಾಕಿದರೂ ಒಟ್ಟು ಫಸಲು ಅಷ್ಟೇ ಅಲ್ಲವೆ? ಆ ತೊಡಕುಗಳು ಲೋಕದಲ್ಲಿ ಉಂಟಾದುದರಿಂದ ಯಾವುದು ಎಷ್ಟು ವ್ಯತ್ಯಾಸ ಮಾಡುವುದೆಂದು ವಿಚಾರಿಸುವುದಕ್ಕೆ ಅಂದಿನಿಂದ ದಾರಿ ತೆರೆಯಿತು. ಮೊಡಿಲಿಯಾನಿಗೆ 1985ರಲ್ಲಿಯೂ ಮಿಲ್ಲರಿಗೆ 1990ರಲ್ಲಿಯೂ ನೊಬೆಲ್ ಪಾರಿತೋಷಕ ದೊರೆಯಿತು.

ಲಾಭವೇ ಬೇರೆ, ಕೈಯಲ್ಲಿರುವ ಹಣವೇ ಬೇರೆ ಎಂಬ ಪಾಠವೂ ಆ ಪುಸ್ತಕದಲ್ಲಿತ್ತು. ನೂಲನ್ನು ನಗದಿಗೆ ತಂದು, ಸೀರೆಯನ್ನು ಮೂರು ತಿಂಗಳ ಉದ್ದರಿಗೆ ಮಾರುವ ವ್ಯಾಪಾರಿಯ ಖಾತೆಯಲ್ಲಿ ಲಾಭ ಕಾಣುವುದು, ಪೆಟ್ಟಿಗೆಯಲ್ಲಿ ಕೂಲಿ ಕೊಡುವುದಕ್ಕೂ ಕಾಸಿರದು. ದುಡಿಯುವ ಬಂಡವಾಳವೆಂಬುದು ಈ ಮೂರು ತಿಂಗಳನ್ನು ದಾಟಿಸುವ ಹಣ. ವ್ಯಾಪಾರದ ಮನೆತನದವರಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ.

ಇಷ್ಟನ್ನೂ ಓದಿ, ಇದೆಲ್ಲ ಕಾರ್ಖಾನೆಯವರಿಗೆ ಸಲ್ಲುವ ವಿದ್ಯೆಯೆಂದು ಪುಸ್ತಕವನ್ನು ಮುಚ್ಚಿಟ್ಟಿದ್ದೆವು. ಎರಡು ದಿನ ಕಳೆಯುವಷ್ಟರಲ್ಲಿ ಪರಿಚಯಸ್ಥರಾದ ಏಜೆಂಟರೊಬ್ಬರು ಮನೆಗೆ ದಯಮಾಡಿಸಿದರು. ಅವರು ತಂದಿದ್ದ ವಿಮೆಯ ಯೋಜನೆ ಹೀಗಿದ್ದಿತು: ವರ್ಷಾರಂಭದಲ್ಲಿ 50,000 ರೂಪಾಯಿಯಂತೆ ಹತ್ತು ವರ್ಷ ಕಟ್ಟತಕ್ಕದ್ದು, ಹದಿನೈದನೆಯ ವರ್ಷದ ಕೊನೆಗೆ 8,00,000 ರೂಪಾಯಿ ಕೈಸೇರುವುದು. “ಸ್ವಾಮಿ, ಕಟ್ಟುವುದು ಐದು ಲಕ್ಷ, ಬರುವುದು ಎಂಟು ಲಕ್ಷ. ಮೂರು ಲಕ್ಷ ಲಾಭ” ಎಂದರು. ನಮಗೆ ಅದು ಒಪ್ಪಿಗೆಯಾಗಿಯೇ ತೋರಿತು. ಮುಪ್ಪಿನ ಕಾಲಕ್ಕೆಂದು ಕೂಡಿಟ್ಟಿದ್ದ ಹಣ ಅದು. ಬೇರೆ ಹಣ ನಮ್ಮಲ್ಲಿಲ್ಲ. ರುಜು ಹಾಕಲು ಲೇಖನಿಯನ್ನೂ ತೆಗೆದಿದ್ದೆವು.

“ಮಾವ, ಒಂದು ನಿಮಿಷ ತಾಳಿ” ಎಂದು ಹುಡುಗಿ ಟಿಪ್ಪಣಿ ಪುಸ್ತಕದೊಡನೆ ಬಂದು ಕುಳಿತಳು. ಮೊದಲನೆಯ ಕಂತಿನ ಹಣ ಹದಿನೈದು ವರ್ಷ ದುಡಿಯುವುದು, ಎರಡನೆಯದು ಹದಿನಾಲ್ಕು ವರ್ಷ, ಹತ್ತನೆಯದು ಆರು ವರ್ಷ. ಆದುದರಿಂದ ಐದು ಲಕ್ಷವನ್ನು ಎಂಟು ಲಕ್ಷದಿಂದ ಹಾಗೆಯೇ ಕಳೆಯಬಾರದೆಂದು ಹೇಳಿ, ಒಂದೊಂದು ಬಡ್ಡಿಯ ದರವನ್ನಿಟ್ಟು ಲೆಕ್ಕ ಮಾಡಿದಳು. ಶೇಕಡ 5 ಹೆಚ್ಚಾಯಿತು, 4 ಕಡಮೆಯಾಯಿತು. ಕಡೆಗೆ ನಿಂತದ್ದು ನಾಲ್ಕೂವರೆಯಲ್ಲಿ. ಅದೇ ಕಂತುಗಳನ್ನು ಶೇಕಡ 6ರ ಚಕ್ರಬಡ್ಡಿಗೆ ಹಾಕಿದ್ದರೆ ಅದೇ ದಿನಕ್ಕೆ ಸುಮಾರು 9,34,900 ರೂಪಾಯಿ ಆಗಬೇಕು. ಮೂರು ಲಕ್ಷ ಲಾಭವೆಂದು ಕಂಡದ್ದು ಸುಮಾರು ಒಂದು ಲಕ್ಷ ಮೂವತ್ತೈದು ಸಾವಿರದ ಕೊರತೆಯಾಗಿ ಎದುರಿಗೆ ನಿಂತಿತು.

ಏಜೆಂಟರು ಸುಳ್ಳು ಹೇಳಿರಲಿಲ್ಲ. ಅವರ ಕೂಡುವ ಕಳೆಯುವ ಲೆಕ್ಕದಲ್ಲಿ ತಪ್ಪಿರಲಿಲ್ಲ. “ಜೀವಕ್ಕೆ ರಕ್ಷೆಯೂ ಇದೆಯಲ್ಲಮ್ಮ, ಅದಕ್ಕೆ ಬೆಲೆಯಿಲ್ಲವೆ?” ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಇದೆಯೆಂದು ಆಕೆ ಒಪ್ಪಿಕೊಂಡಳು. “ಆದರೆ ಅದರ ಬೆಲೆಯನ್ನು ಬೇರೆಯಾಗಿ ತಿಳಿಸಿ, ರಕ್ಷೆ ಮಾತ್ರವಿರುವ ವಿಮೆಗೆ ಮಾವನ ವಯಸ್ಸಿಗೆ ಏನಾಗುತ್ತದೆಂದು ಹೇಳಿದರೆ ಎರಡನ್ನೂ ಹೋಲಿಸಬಹುದು” ಎಂದಳು. ಅವರು ಕಾಫಿಯನ್ನು ಮುಗಿಸಿ, ನಾಲ್ಕು ದಿನಗಳಲ್ಲಿ ತಿಳಿಸುವೆನೆಂದು ಹೇಳಿ ಹೊರಟರು. ಹೇಳಿದಂತೆ ಚೀಟಿಯನ್ನೂ ಕಳುಹಿಸಿದರು. ಅದನ್ನು ನೋಡಿ, ರಕ್ಷೆಯ ವಿಮೆಯೊಂದನ್ನು ಅವರಿಂದಲೇ ಮಾಡಿಸಿ, ಉಳಿದ ಹಣವನ್ನು ಠೇವಣಿಯಲ್ಲಿಡುವುದೆಂದು ನಿಶ್ಚಯಿಸಿದೆವು.

ನಮ್ಮ ಸಂಶಯವೊಂದನ್ನೂ ಹೇಳಬೇಕು. ಈ ಲೆಕ್ಕದಲ್ಲಿ ಎಲ್ಲವೂ ನಾವು ಇಡುವ ಬಡ್ಡಿಯ ದರವನ್ನೇ ಅವಲಂಬಿಸಿರುವುದು. ಹದಿನೈದು ವರ್ಷ ಶೇಕಡ 6 ದೊರೆಯುವುದೆಂದು ಬಲ್ಲವರಾರು? ಹುಡುಗಿಯನ್ನು ಕೇಳಿದುದಕ್ಕೆ, ತರಗತಿಯಲ್ಲಿ ದರವನ್ನು ಪ್ರಶ್ನೆಪತ್ರಿಕೆಯಲ್ಲಿಯೇ ಕೊಟ್ಟಿರುತ್ತಾರೆ ಎಂದಳು! ಕೊಡದಿದ್ದಾಗ ಅದನ್ನು ಆರಿಸಿಕೊಳ್ಳುವುದು ಹೇಗೆಂಬುದು ಮುಂದಿನ ವರ್ಷದ ಪಾಠವಂತೆ.

ಇದೆಲ್ಲವನ್ನೂ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಮ್ಮ ಮನೆಯವರು, ತಾವು ಇಪ್ಪತ್ತು ತಿಂಗಳು ಕಟ್ಟಿದ ಚೀಟಿಯ ಪುಸ್ತಕವನ್ನು ತಂದು ಆಕೆಯ ಮುಂದಿಟ್ಟರು. ತಿಂಗಳಿಗೊಂದು ಬಗೆಯ ಹರಾಜು, ತಿಂಗಳಿಗೊಂದು ಬಗೆಯ ಕಸರು. ಆ ಲೆಕ್ಕ ವಿಮೆಯದರಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ರಾತ್ರಿ ಊಟವಾದ ಮೇಲೂ ಇಬ್ಬರೂ ದೀಪದ ಕೆಳಗೆ ಅದನ್ನೇ ಹಿಡಿದು ಕುಳಿತಿದ್ದರು.